ಸಿಮೆಂಟ್ ಜಾಗಕ್ಕೆ ಬೂದಿ: ಕಾಂಕ್ರೀಟ್ ಗಟ್ಟಿಯಾಗುತ್ತಾ?

ನಮಸ್ಕಾರ. ಕಾಂಕ್ರೀಟಿಗೆ ಬೂದಿ ಸೇರಿಸುತ್ತಾರೆ ಅಂದ ತಕ್ಷಣ ಬಹಳ ಜನ ಕೇಳುವುದು ಒಂದೇ: "ಅದು ಕಲಬೆರಕೆ ಅಲ್ವಾ?" ಅಲ್ಲ. ಸರಿಯಾದ ಬೂದಿ ಸರಿಯಾದ ಅಳತೆಯಲ್ಲಿ ಬಿದ್ದರೆ ಕಾಂಕ್ರೀಟ್ ಇನ್ನೂ ಚೆನ್ನಾಗಿ ಬಾಳಿಕೆ ಬರುತ್ತದೆ.

(ದೃಶ್ಯ: ಸಿಮೆಂಟ್ ಕಾರ್ಖಾನೆಯಲ್ಲಿ ತಿರುಗುವ ಉದ್ದನೆಯ ಗೂಡು)

ಸುಣ್ಣದ ಕಲ್ಲು, ಜೇಡಿಮಣ್ಣು ಎರಡನ್ನೂ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಉಂಡೆಗಳಾಗುತ್ತವೆ. ಸ್ವಲ್ಪ ಜಿಪ್ಸಂ ಸೇರಿಸಿ ಅರೆದರೆ ಅದೇ ಸಿಮೆಂಟ್. ಇಂಧನದ ಹೊಗೆ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಕಾದ ಸುಣ್ಣದ ಕಲ್ಲೂ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ತಯಾರಿಯಲ್ಲಿ ಹೊರಬೀಳುವ ಈ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕಲ್ಲಿನದೇ! ಎಂಥ ಇಂಧನ ಹಾಕಿದರೂ ಅದು ನಿಲ್ಲುವುದಿಲ್ಲ. ಹಾಗಾಗಿ ಕ್ಲಿಂಕರನ್ನೇ ಕಡಿಮೆ ಮಾಡಬೇಕು.

ಅದರ ಜಾಗಕ್ಕೆ ಬರುವವು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಕಿಟ್ಟದ (ಸ್ಲ್ಯಾಗ್) ಪುಡಿ, ಸಿಲಿಕಾನ್ ಕುಲುಮೆಯ ಹೊಗೆಯಿಂದ ಸಿಗುವ ಅತಿ ನುಣ್ಣನೆಯ ಪುಡಿಯಾದ ಸಿಲಿಕಾ ಫ್ಯೂಮ್, ಹದವಾಗಿ ಸುಟ್ಟ ಜೇಡಿಮಣ್ಣು.

(ದೃಶ್ಯ: ಸಿಮೆಂಟ್ ಕಣಗಳ ನಡುವೆ ಗುಂಡಗಿನ ಬೂದಿ ಕಣಗಳು)

ನನಗೆ ತುಂಬಾ ಇಷ್ಟವಾದ ಭಾಗ ಇದು. ಸಿಮೆಂಟಿಗೆ ನೀರು ಬಿದ್ದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಮರಳು ಜಲ್ಲಿಯನ್ನು ಹಿಡಿದಿಡುವ ಅಂಟು. ಇನ್ನೊಂದು, ಸುಣ್ಣ. ಈ ಸುಣ್ಣದಿಂದ ಬಲ ಅಷ್ಟೇನೂ ಬರುವುದಿಲ್ಲ, ನೀರು ಹರಿದರೆ ಕರಗಿಯೂ ಹೋಗುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಈ ಸುಣ್ಣದ ಜೊತೆ ಕೂಡಿ ಮತ್ತಷ್ಟು ಅಂಟು ಮಾಡುತ್ತದೆ. ಒಳಗಿನ ಸಣ್ಣ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ಉಪ್ಪುನೀರು ಕಂಬಿಯವರೆಗೆ ಇಳಿಯುವುದು ಕಷ್ಟವಾಗುತ್ತದೆ.

ರೋಮನ್ನರು ಇದನ್ನು ಕೆಲಸ ಮಾಡುತ್ತಲೇ ಕಂಡುಕೊಂಡಿದ್ದರು. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು. ರೋಮ್‌ನ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯದ ಗುಮ್ಮಟ 43 ಮೀಟರ್ ಅಗಲ. ಒಳಗೆ ಒಂದು ಕಂಬಿಯೂ ಇಲ್ಲ, ಇಂದಿಗೂ ನಿಂತಿದೆ.

ಈಗ ಎಚ್ಚರಿಕೆಯ ಮಾತು. ಹಾರುಬೂದಿಯ ಕೆಲಸ ನಿಧಾನ. ಮೊದಲ ವಾರಗಳಲ್ಲಿ ಬಲ ಕಡಿಮೆ ಇರುತ್ತದೆ, ತಿಂಗಳ ನಂತರವೂ ಏರುತ್ತಲೇ ಹೋಗುತ್ತದೆ. ಅದಕ್ಕೇ 28 ದಿನದ ಪರೀಕ್ಷೆ ಸಾಲದೆ 56 ಅಥವಾ 90 ದಿನಕ್ಕೂ ಪರೀಕ್ಷೆ ಮಾಡುವುದುಂಟು. ಅಲ್ಲಿಯವರೆಗೆ ಅಂಟು ಬೆಳೆಯಲು ಒಳಗೆ ತೇವ ಇರಬೇಕು. ಕ್ಯೂರಿಂಗ್, ಅಂದರೆ ನೀರು ಹಾಕಿ ತೇವವಾಗಿಡುವುದನ್ನು, ಬೇಗ ನಿಲ್ಲಿಸಿದರೆ ಬೂದಿ ಸುಮ್ನೆ ಪುಡಿಯಾಗಿ ಉಳಿಯುತ್ತದೆ. ಆಮೇಲೆ ಬೈಗುಳ ಮಾತ್ರ ಬೂದಿಗೆ! ಚಳಿ ಇದ್ದರೆ ಸೆಂಟ್ರಿಂಗ್ (ಕಾಂಕ್ರೀಟನ್ನು ಹೊತ್ತ ಹಲಗೆ) ಬಿಚ್ಚಲೂ ಅವಸರ ಬೇಡ.

ಸಿಮೆಂಟ್ ಮತ್ತು ಅದರ ಜಾಗಕ್ಕೆ ಹಾಕುವ ಪುಡಿ ಸೇರಿದ ಒಟ್ಟು ತೂಕದಲ್ಲಿ ಅಳತೆ ಒಂದೊಂದಕ್ಕೆ ಒಂದೊಂದು. ಹಾರುಬೂದಿ ಸಾಮಾನ್ಯವಾಗಿ ಶೇ 15ರಿಂದ 35, ಸ್ಲ್ಯಾಗ್ ಶೇ 50 ದಾಟುವುದೂ ಉಂಟು, ಸಿಲಿಕಾ ಫ್ಯೂಮ್ ಶೇ 5ರಿಂದ 10 ಸಾಕು. ಒಲೆಯ ಬೂದಿ ಇದಕ್ಕೆ ಆಗುವುದಿಲ್ಲ. ಸುಡದೆ ಉಳಿದ ಇಂಗಾಲ ಜಾಸ್ತಿ ಇರುವ ಹಾರುಬೂದಿಯೂ ಬೇಡ.

(ದೃಶ್ಯ: ಸಿಮೆಂಟ್ ಚೀಲದ ಮೇಲಿನ ಬರಹ)

ಕೆಲಸ ಶುರು ಮಾಡುವ ಮೊದಲು ಚೀಲದ ಮೇಲಿರುವುದನ್ನು ಓದಿ. ಕೆಲವು ಸಿಮೆಂಟಿಗೆ ಕಾರ್ಖಾನೆಯಲ್ಲೇ ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆಸಿರುತ್ತಾರೆ. ಅಂಥದ್ದಕ್ಕೆ ಎಂಜಿನಿಯರನ್ನು ಕೇಳದೆ ಮತ್ತೆ ಬೂದಿ ಸುರಿಯಬೇಡಿ.