ಕಾಂಪೌಂಡ್ ಬಿಟ್ಟು ಬರಿಬಿಲ್ಲು ಹಿಡಿಯೋರಿಗೆ: ಅಡಿಕೆ ಅಂಗಳದಲ್ಲಿ ಒಂದು ಬೆಳಗ್ಗೆ

ನಮಸ್ಕಾರ. ಇದು ತೀರ್ಥಹಳ್ಳಿ ಕಡೆಯ ಅಡಿಕೆ ಅಂಗಳ. ಅಡಿಕೆ ಒಣಗಿಸೋ ಕೆಲಸ ಮುಗಿದಿದೆ, ಅಂಗಳ ಖಾಲಿ. ಉದ್ದಕ್ಕೆ 18 ಮೀಟರ್, ತುದೀಲಿ ಎರಡಾಳೆತ್ತರದ ಧರೆ, ಅಂದ್ರೆ ಕಡಿದ ಮಣ್ಣಿನ ಗೋಡೆ. ಅಭ್ಯಾಸಕ್ಕೆ ಇಷ್ಟು ಧಾರಾಳ ಸಾಕು. ಜಗಲಿ ಮೇಲೆ ಎರಡು ಬಿಲ್ಲಿದೆ ನೋಡಿ. ಎಡಗಡೆಯದು 60 ಪೌಂಡಿನ ಕಾಂಪೌಂಡ್, ತುದೀಲಿ ಗಾಲಿ ಇರೋ ಬಿಲ್ಲು. ಬಲಗಡೆಯದು 30 ಪೌಂಡಿನ, 62 ಇಂಚಿನ ಮರದ ರಿಕರ್ವ್, ತುದಿ ಮುಂದಕ್ಕೆ ಬಾಗಿದ್ದು. ಗುರಿ ನೋಡೋ ಸೈಟ್ ಇಲ್ಲ, ಹೆದೆಯಲ್ಲಿ ಕಣ್ಣಿಡೋ ಕಿಂಡಿ ಅಂದ್ರೆ ಪೀಪ್ ಇಲ್ಲ, ಅಲುಗಾಟ ತಡೆಯೋ ಸ್ಟೆಬಿಲೈಸರ್ ಇಲ್ಲ, ಹೆದೆ ಬಿಡೋ ಸಾಧನ ರಿಲೀಸೂ ಇಲ್ಲ. ಕಾಂಪೌಂಡಿನಲ್ಲಿ ಕೈ ಪಳಗಿದೋರು ಇದನ್ನ ಎತ್ತಿಕೊಂಡ್ರೆ ಎಲ್ಲೆಲ್ಲಿ ತಪ್ಪುತ್ತೆ, ಯಾಕೆ ತಪ್ಪುತ್ತೆ, ಅದು ಇವತ್ತಿನ ವಿಷಯ.

ಎಲ್ಲದಕ್ಕೂ ಬುಡ ಒಂದೇ, ಹೆದೆ ಎಳೆಯೋ ಭಾರ. ಪೌಂಡ್ ಅಂದ್ರೆ ಅದೇ. ಕಾಂಪೌಂಡ್ ಎಳೀವಾಗ ಭಾರ ನಡುವೆ ಏರಿ, ಕೊನೇಲಿ ಕುಸಿಯುತ್ತೆ, ಈ ಕುಸಿತವೇ ಲೆಟ್-ಆಫ್. 80 ಪರ್ಸೆಂಟ್ ಲೆಟ್-ಆಫ್ ಇದ್ರೆ 60 ಪೌಂಡಿನ ಬಿಲ್ಲನ್ನ ಪೂರ್ತಿ ಎಳೆದಾಗ ಕೈಲಿ ನಿಲ್ಲೋದು 12 ಪೌಂಡ್ ಮಾತ್ರ. ಜೊತೆಗೆ ತುದಿಯ ಗಾಲಿ, ಅಂದ್ರೆ ಕ್ಯಾಮ್, 'ಇನ್ನು ಸಾಕು' ಅಂತ ತಡೆದು ನಿಲ್ಲಿಸುತ್ತೆ, ಅದೇ ವಾಲ್. ರಿಕರ್ವಿನಲ್ಲಿ ಕೊನೇ ಇಂಚಿನವರೆಗೂ ಭಾರ ಏರ್ತಾನೇ ಹೋಗುತ್ತೆ, ತಡೆಯೋರು ಯಾರೂ ಇಲ್ಲ. 30 ಪೌಂಡ್ ಅಂದ್ರೆ ಗಲ್ಲದ ಹತ್ರ ಮೂರು ಬೆರಳ ಮೇಲೆ ಪೂರ್ತಿ 30 ಪೌಂಡ್, ಆ ಕಾಂಪೌಂಡಿನ ಎರಡೂವರೆ ಪಟ್ಟು. '60 ಎಳೆಯೋ ಕೈ, 50 ತಗೊಂಡ್ರಾಯ್ತು' ಅನ್ನೋ ಲೆಕ್ಕ ಮುಗ್ಗರಿಸೋದು ಇಲ್ಲೇ. ಭುಜ ಮೇಲೇರುತ್ತೆ, ಬಾಯಂಚಿಗೆ ಕೈ ಬರೋ ಮೊದಲೇ ಬೆರಳು ಬಿಟ್ಟುಹೋಗುತ್ತೆ. ಗಟ್ಟಿಮುಟ್ಟಾದ ಆಳಾದ್ರೂ 25ರಿಂದ 30 ಪೌಂಡಲ್ಲಿ ಶುರು ಮಾಡಿ.

ಆ ಕ್ಯಾಮ್ ಅನ್ನೋದು ತೀರಾ ಇತ್ತೀಚಿನದು ಕಣ್ರೀ. ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್‌ಗೆ ಕಾಂಪೌಂಡಿನ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ನಮ್ಮ ವೀರಗಲ್ಲುಗಳಲ್ಲಿ ಹೆದೆ ಎಳೆದು ನಿಂತ ವೀರರಿಗೆಲ್ಲ ಆ ಕೊನೇ ಇಂಚಿನ ಭಾರ ಬೆನ್ನಿನದೇ ಪಾಲು. ಈಗಲೂ ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಲ್ಲೇ 50 ಮತ್ತು 30 ಮೀಟರಿಗೆ ಹೊಡೀತಾರೆ.

ಬಿಲ್ಲಿನ ಮೇಲೆ ಬರೆದಿರೋ ಪೌಂಡ್ 28 ಇಂಚಿನ ಎಳೆತದ್ದು. ನಿಮ್ಮ ಎಳೆತ ಎಷ್ಟು? ಎರಡೂ ಕೈ ಚಾಚಿ ನಿಮ್ಮ ಒಂದು ಮಾರು ಅಳೆಸಿ, 2.5ರಿಂದ ಭಾಗಿಸಿ. ಮಾರು 65 ಇಂಚಿದ್ರೆ ಎಳೆತ ಸುಮಾರು 26. ಇಂಚಿಗೆ ಎರಡು ಎರಡೂವರೆ ಪೌಂಡ್ ಕಮ್ಮಿ ಆಗೋದ್ರಿಂದ 30ರ ಬಿಲ್ಲು ನಿಮ್ಮ ಕೈಲಿ 25ರ ಆಸುಪಾಸಿನದು. ಬಾಣ ಆರಿಸೋವಾಗ ಈ ಅಂಕಿ ಬೇಕಾಗುತ್ತೆ.

ಈಗ ಹೆದೆ ಏರಿಸೋದು. ಕಾಂಪೌಂಡಿನ ಹೆದೆ ಬಿಚ್ಚೋಕೆ ಬಿಲ್ಲನ್ನ ಬಗ್ಗಿಸಿ ಹಿಡಿಯೋ ಬೋ ಪ್ರೆಸ್ ಬೇಕು, ಹಾಗಾಗಿ ಎಷ್ಟೋ ಜನಕ್ಕೆ ಇದು ಹೊಸದು. ಕಾಲ ಸಂದಿಲಿ ಸಿಕ್ಕಿಸಿ ಬಗ್ಗಿಸಬೇಡಿ, ಲಿಂಬ್, ಅಂದ್ರೆ ಬಿಲ್ಲಿನ ಬಾಗೋ ತೋಳು, ತಿರುಚಿಕೊಳ್ಳುತ್ತೆ, ಆಮೇಲೆ ಸರಿಹೋಗೋದು ಕಷ್ಟ. ಸ್ಟ್ರಿಂಗರ್ ಹಗ್ಗ ಎರಡು ತುದಿಗೆ ಹಾಕಿ, ಹಗ್ಗದ ನಡುವೆ ಮೆಟ್ಟಿ, ಹಿಡಿಕೆ ಮೇಲಕ್ಕೆತ್ತಿ. ಲಿಂಬ್ ಬಾಗಿದಾಗ ಕುಣಿಕೆ ಜಾರಿಸಿ. ಈ ಕ್ಲೋಸಪ್ ನೋಡಿ: ಹೆದೆ ಲಿಂಬಿನ ನಡುಗಾಡಿಯಲ್ಲಿ ನೆಟ್ಟಗೆ ಕೂತಿದೆ. ಎರಡೂ ತುದೀಲಿ ಹೀಗೆ ಕೂತಿದೆ ಅಂತ ಖಾತ್ರಿ ಆಗೋವರೆಗೆ ಎಳೀಬೇಡಿ. ಹಿಡಿಕೆಯಿಂದ ಹೆದೆಗೆ ಏಳೂವರೆಯಿಂದ ಎಂಟು ಇಂಚು ಇರಲಿ. ಕಮ್ಮಿ ಇದ್ರೆ ಹೆದೆ ಬಿಚ್ಚಿ ನಾಲ್ಕೈದು ಸುತ್ತು ಹುರಿ ಹಾಕಿ, ಗಿಡ್ಡ ಆಗುತ್ತೆ. ಬಾಣ ಇಲ್ಲದೆ ಹೆದೆ ಬಿಡೋದಂತೂ ಯಾವ ಬಿಲ್ಲಲ್ಲೂ ಬೇಡ.

ಕಾಂಪೌಂಡಿನ ಬಾಣವನ್ನೇ ಹಾಕಿ ಹೊಡೆಯೋರು ತುಂಬ ಜನ. ಅಲ್ಲೇ ಎಡವೋದು. 60 ಪೌಂಡಿನ ಕಾಂಪೌಂಡಿಗೆ 340, 400 ಸ್ಪೈನಿನ ಬಾಣ ಇರುತ್ತೆ. ಸ್ಪೈನ್ ಅಂದ್ರೆ ಬಾಣ ಎಷ್ಟು ಬಳುಕುತ್ತೆ ಅನ್ನೋ ಅಳತೆ, ಅಂಕಿ ಕಮ್ಮಿ ಆದಷ್ಟೂ ಬಾಣ ಬಿರುಸು. ಬೆರಳಿಂದ ಬಿಟ್ಟ ಹೆದೆ ಬೆರಳು ಸುತ್ತಿ ಸ್ವಲ್ಪ ಪಕ್ಕಕ್ಕೆ ಓಡುತ್ತೆ, ಬಾಣ ಹಾವಿನ ಹಾಗೆ ಬಳುಕಿ ಹಿಡಿಕೆ ಬಳಸಿಕೊಂಡು ಹೋಗಬೇಕು. 30 ಪೌಂಡಿಗೆ 400ರ ಬಾಣ ಬಳುಕೋದೇ ಇಲ್ಲ. ಬಲಗೈಯೋರಿಗೆ ಎಡಕ್ಕೆ ಬೀಳುತ್ತೆ, ಹಿಡಿಕೆಗೆ ಟಕ್ ಅಂತ ಬಡಿಯುತ್ತೆ. ನಿಮ್ಮ ಎಳೆತಕ್ಕೆ 30 ಪೌಂಡ್ ಬರೋದಾದ್ರೆ 700ರ ಆಸುಪಾಸಿನದು ತಗೊಳ್ಳಿ, 30 ಇಂಚು ಉದ್ದ ಇಟ್ಕೊಂಡು ಶುರು ಮಾಡಿ. ಉದ್ದ ಯಾಕೆ ಅಂದ್ರೆ ಇನ್ನೊಂದು ಕಾರಣ ಇದೆ: ವಾಲ್ ಇಲ್ಲದ ಬಿಲ್ಲಲ್ಲಿ ಗಿಡ್ಡ ಬಾಣದ ಮೊನೆ ಹಿಡಿಕೆ ದಾಟಿ ಒಳಗೆ ಬಂದ್ರೆ ಬಿಟ್ಟಾಗ ಚುಚ್ಚೋದು ನಿಮ್ಮ ಕೈಗೇ. ಬಾಣದ ತೂಕ ಬಿಲ್ಲಿನ ಪೌಂಡಿಗೆ 9-10 ಗ್ರೇನ್ (ಸುಮಾರು 15 ಗ್ರೇನ್ ಒಂದು ಗ್ರಾಂ) ಲೆಕ್ಕದಲ್ಲಿರಲಿ, ಅಂದ್ರೆ ಒಟ್ಟು 300 ಗ್ರೇನ್ ಹತ್ರ. ಬಾಣದ ಬಾಲಕ್ಕೆ ಪ್ಲಾಸ್ಟಿಕ್ ವೇನ್ ಬೇಡ. ಹಿಡಿಕೆ ಮೇಲೆ ಬಾಣ ಕೂರೋ ಜಾಗ, ಅಂದ್ರೆ ಶೆಲ್ಫ್ ಮೇಲಿಂದ ಹೊಡೆಯೋವಾಗ ಪ್ಲಾಸ್ಟಿಕ್ ತಾಗಿ ಬಾಣವನ್ನ ಎಗರಿಸುತ್ತೆ, ಹಕ್ಕಿ ಗರಿ ಮಡಚಿಕೊಂಡು ಸರಿದುಹೋಗುತ್ತೆ. ಹೆದೆಗೆ ಬಾಣ ಸಿಕ್ಕಿಸೋ ಗುರುತು, ಅಂದ್ರೆ ನಾಕಿಂಗ್ ಪಾಯಿಂಟ್, ಶೆಲ್ಫಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ ಕಟ್ಟಿ.

ಪೀಪ್ ಇಲ್ಲದ ಮೇಲೆ ನಿಮ್ಮ ಮುಖವೇ ಹಿಂದಿನ ಸೈಟ್. ಮೂರು ಬೆರಳನ್ನೂ ಬಾಣದ ಕೆಳಗಿಟ್ಟು, ಮೊದಲ ಗೆಣ್ಣಿನ ಮಡಿಕೆಯಲ್ಲಿ ಹೆದೆ ಕೊಕ್ಕೆ ಹಾಕಿ, ತೋರುಬೆರಳ ತುದಿ ಬಾಯಂಚಿಗೆ ತನ್ನಿ. ಪ್ರತಿ ಸಲವೂ ಅದೇ ಜಾಗ. ಆ ಕೈ 3 ಮಿಲಿಮೀಟರ್ ಮೇಲೆ ಕೆಳಗೆ ಆದ್ರೆ 10 ಮೀಟರಿನಲ್ಲಿ ಬಾಣ 4 ಸೆಂಟಿಮೀಟರ್ ಜಾಗ ಬದಲಿಸುತ್ತೆ. ಮೊಣಕೈಯನ್ನ ಹಿಂದಕ್ಕೆ ಒಯ್ಯೋದು ತೋಳಲ್ಲ, ರೆಕ್ಕೆಮೂಳೆ ಹತ್ರದ ಸ್ನಾಯು. ಕಾಂಪೌಂಡ್ ಹಾಗೆ ಎಂಟು ಹತ್ತು ಸೆಕೆಂಡ್ ಹಿಡಿದು ಗುರಿ ನೋಡ್ತಾ ನಿಂತ್ರೆ ಕೈ ಗೊತ್ತಿಲ್ದೆ ಮುಂದಕ್ಕೆ ಜಾರುತ್ತೆ, ಬಾಣ ಕೆಳಗೆ ಬೀಳುತ್ತೆ. ಎರಡು ಮೂರು ಸೆಕೆಂಡ್ ಸಾಕು. ಆಗಲೂ ಸರಿ ಅನ್ನಿಸದಿದ್ರೆ ಬಿಡಬೇಡಿ, ನಿಧಾನಕ್ಕೆ ಇಳಿಸಿ. ಬಿಡೋದು ಅಂದ್ರೆ ಬೆರಳು ಬಿಚ್ಚೋದಲ್ಲ, ಸಡಿಲ ಮಾಡೋದು. ಬೆನ್ನು ಎಳೀತಾನೇ ಇದ್ರೆ ಕೈ ತಾನಾಗಿ ಕೆನ್ನೆ ಸವರಿಕೊಂಡು ಕಿವಿ ಕಡೆ ಹೋಗುತ್ತೆ. ಕೈ ಹೊರಕ್ಕೆ ಚಿಮ್ಮಿದ್ರೆ ಹೆದೆ ಕಿತ್ತ ಹಾಗೆ.

ಮೊದಲ ಎರಡು ವಾರ ಗುರಿಹಾಳೆ ಬೇಡ್ವೇ ಬೇಡ. ಹಳೇ ಬಟ್ಟೆ ಗಿಡಿದು ತುಂಬಿದ ಗೋಣಿಚೀಲದ ಮುಂದೆ 4 ಮೀಟರಲ್ಲಿ ನಿಂತು ದಿನಕ್ಕೆ 30-40 ಬಾಣ. ಚೀಲ ದೊಡ್ಡದಿರಲಿ, ಯಾಕಂದ್ರೆ ಹಿಂದಿನ ಧರೆ ಜಂಬಿಟ್ಟಿಗೆ ಮಣ್ಣಿಂದು, ಕಾರ್ಬನ್ ಬಾಣ ತಾಗಿದ್ರೆ ಸೀಳುತ್ತೆ. ತಾಗಿದ ಬಾಣವನ್ನ ಮುಖದಿಂದ ದೂರ ಹಿಡಿದು ನಾಲ್ಕೂ ಕಡೆ ಬಗ್ಗಿಸಿ, ಚಿಟ್ ಅಂದ್ರೆ ಮುರಿದೇ ಎಸೀರಿ. ಬ್ಯಾಣಕ್ಕೋ (ಹುಲ್ಲುಗಾವಲಿಗೋ) ಕಾಡಂಚಿಗೋ ಬಿಲ್ಲು ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಮತ್ತೆ ಅಲ್ಲಿ ದನ ಮೇಯಿಸೋರು ಇರ್ತಾರೆ.

ಆಮೇಲೆ 10 ಮೀಟರ್. ಬಾಣದ ಮೊನೆಯನ್ನ ಗುರಿ ಮಧ್ಯಕ್ಕೇ ಇಟ್ಟು ಆರು ಹೊಡೀರಿ. ಎಲ್ಲ ಮೇಲೆ ಹೋಗುತ್ತೆ. ಎಷ್ಟು ಮೇಲೆ ಅಂತ ಅಳೆದು, ಅಷ್ಟೇ ಕೆಳಗೆ ಮೊನೆ ಇಡಿ. ಅದು ಆ ದೂರಕ್ಕೆ ನಿಮ್ಮ ಗ್ಯಾಪ್. ಆರರಲ್ಲಿ ಐದು ಗೇಣಗಲದೊಳಗೆ ಬೀಳೋವರೆಗೆ ಹಿಂದೆ ಸರೀಬೇಡಿ. ಅಲ್ಲಿಗೆ ಬಂದ ಮೇಲೆ ಗರಿ ಇಲ್ಲದ ಬಾಣ ಒಂದನ್ನ ಜೊತೆಗೆ ಹೊಡೆದು ನೋಡಿ. ಬಲಗೈಯೋರಿಗೆ ಅದು ಉಳಿದವಕ್ಕಿಂತ ಎಡಕ್ಕೆ ಬಿದ್ರೆ ಬಾಣ ಬಿರುಸು, ಮೊನೆಯ ತೂಕ ಹೆಚ್ಚಿಸಿ. ಬಲಕ್ಕೆ ಬಿದ್ರೆ ಮೆದು, ಬಾಣವನ್ನ ಕಾಲು ಕಾಲು ಇಂಚು ಕತ್ತರಿಸ್ತಾ ಬನ್ನಿ. ಕೆಳಗೆ ಬಿದ್ರೆ ನಾಕಿಂಗ್ ಪಾಯಿಂಟ್ ಇಳಿಸಿ, ಮೇಲೆ ಹೋದ್ರೆ ಏರಿಸಿ.

ಮಳೆಗಾಲದ ಮಾತು ಒಂದಿದೆ. ಆಗುಂಬೆ, ಹೊಸನಗರದ ಕಡೆ ಜೂನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತೆ. ಹೆದೆ ಇಳಿಸಿ, ಒಣಬಟ್ಟೆಲಿ ಒರೆಸಿ, ಒಳಗೋಡೆಗೆ ಎರಡು ಮರದ ಗೂಟ ಹೊಡೆದು ಬಿಲ್ಲನ್ನ ಅಡ್ಡಕ್ಕೆ ಮಲಗಿಸಿ. ಒಲೆ ಮೇಲಿನ ಅಟ್ಟವೂ ಬೇಡ, ಬಿಸಿಲಲ್ಲಿ ನಿಂತ ಕಾರೂ ಬೇಡ, ಬಿಸಿಗೆ ಲಿಂಬಿನ ಅಂಟು ಬಿಡಬಹುದು. ಹೆದೆಯ ಎಳೆ ಜುಂಗು ಎದ್ದಿದ್ರೆ ಜೇನುಮೇಣ ಸವರಿ, ಬೆರಳಿಂದ ಬಿಸಿಯಾಗೋವರೆಗೆ ಉಜ್ಜಿ. ಗರಿ ನೆನೆದು ಮುದ್ದೆ ಆಗಿದ್ರೆ ಕಿತ್ತು ಬಿಸಾಕಬೇಡಿ. ಗಂಜಿ ಕುದಿಯೋ ಪಾತ್ರೆ ಮೇಲೆ ಹಬೆಯಲ್ಲಿ ಬಾಣವನ್ನ ಹತ್ತು ಹದಿನೈದು ಸೆಕೆಂಡ್ ತಿರುಗಿಸಿ. ನೋಡಿ, ಗರಿ ಒಂದೊಂದೇ ಎದ್ದು ನಿಲ್ತಾ ಇದೆ. ಇನ್ನು ನೆರಳಲ್ಲಿ ಆರಬೇಕು, ನಾಳೆ ಬೆಳಗ್ಗೆ ಹೊಡೀಬಹುದು.