ದಾವಣಗೆರೆ ವ್ಲಾಗ್: ಕನ್ನಡಕ ಬಿಟ್ಟೆ, ಸೊಲ್ಯೂಷನ್ ಖರ್ಚು ಹಿಡಿಯಿತು

ಕಾಂಟ್ಯಾಕ್ಟ್ ಲೆನ್ಸ್ ಬಲಗಣ್ಣಿಗೆ ಸಲೀಸಾಗಿ ಹೋಯಿತು ನೋಡಿ. ಎಡಗಣ್ಣಿನ ಜೊತೆ ಮಾತ್ರ ದಿನಾ ಜಗಳ. ಈ ಭಾಗ ಫಾಸ್ಟ್ ಮಾಡಿದ್ದೇನೆ, ಇಲ್ಲದಿದ್ದರೆ ನೀವು ಎದ್ದು ಹೋಗುತ್ತೀರಿ. ಬೆರಳ ತುದಿಯಲ್ಲಿಟ್ಟು ನೋಡುತ್ತಿರುವುದು ಉಲ್ಟಾ ಆಗಿದೆಯಾ ಅಂತ. ಅಂಚು ಬಟ್ಟಲಿನ ಹಾಗೆ ನೆಟ್ಟಗಿದ್ದರೆ ಸರಿ, ಹೊರಗೆ ಬಾಗಿದ್ದರೆ ತಿರುಗಿಸಬೇಕು.

ಕನ್ನಡಕದ ನಂಬರ್ ಮೈನಸ್ 4.50, ಲೆನ್ಸ್ ಪ್ಯಾಕೆಟ್ ಮೇಲೆ ಮೈನಸ್ 4.25. ನಂಬರ್ ಇಳಿದಿದೆ ಅಂತ ಅವ್ವನಿಗೆ ಖುಷಿಯೋ ಖುಷಿ. ಇಳಿದಿಲ್ಲ ಅವ್ವ. ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ, ಕನ್ನಡಕದ ಗಾಜು ಸ್ವಲ್ಪ ದೂರ ಇರುತ್ತೆ, ಅದಕ್ಕೇ ಲೆಕ್ಕ ಬೇರೆ.

ಈಗ ಈ ಬಾಟಲ್, ಲೆನ್ಸ್ ತೊಳೆಯೋ ಸೊಲ್ಯೂಷನ್. ಲೆನ್ಸ್ ದುಬಾರಿ ಅಂತ ಎಲ್ಲರೂ ಹೇಳುತ್ತಾರೆ, ಸೊಲ್ಯೂಷನ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ರಾತ್ರಿ ಲೆನ್ಸ್ ತೆಗೆದ ಮೇಲೆ ಇದರಲ್ಲೇ ಉಜ್ಜಬೇಕು, ಇದರಲ್ಲೇ ತೊಳೆಯಬೇಕು, ಲೆನ್ಸ್ ನೆನೆಸಿಡೋ ಡಬ್ಬಿಗೂ ಹೊಸದಾಗಿ ತುಂಬಬೇಕು. ನಿನ್ನೆಯದಕ್ಕೆ ಸ್ವಲ್ಪ ಸೇರಿಸಿ ಅಡ್ಜಸ್ಟ್ ಮಾಡೋ ಹಾಗಿಲ್ಲ, ಪೂರ್ತಿ ಚೆಲ್ಲಬೇಕು. ಹತ್ತಿರ ಹತ್ತಿರ 300 ರೂಪಾಯಿ ಬಾಟಲ್, ಸೀದಾ ಸಿಂಕಿಗೆ! ಅಂಗಡಿಯವರು ಡಬ್ಬಿ ಫ್ರೀ ಅಂತ ದೊಡ್ಡದಾಗಿ ಹೇಳಿದರು. ಅದನ್ನೂ 3 ತಿಂಗಳಿಗೊಮ್ಮೆ ಬದಲಿಸಬೇಕು ಅನ್ನೋದನ್ನು ಹೇಳಲಿಲ್ಲ. "ಫಿಲ್ಟರ್ ನೀರಲ್ಲಿ ತೊಳೆಯೋ, ಕುಡಿಯೋ ನೀರೇ ಅಲ್ವಾ?" ಅಂತಾರೆ ಅವ್ವ. ಕುಡಿಯೋಕೆ ಸರಿ, ಲೆನ್ಸಿಗಲ್ಲ. ನೀರಿನಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಲೆನ್ಸ್ ಜೊತೆ ಒಳಗೆ ಹೋಗಿ ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಸೋಂಕು ತಂದರೆ ದೃಷ್ಟಿಗೇ ಕುತ್ತು. ಸ್ನಾನಕ್ಕೂ ಈಜಿಗೂ ಲೆನ್ಸ್ ತೆಗೆಯಿರಿ ಅನ್ನೋದು ಅದಕ್ಕೇ. ಹಾಗಾಗಿ ಬೈದುಕೊಂಡೇ ಸುರಿಯುತ್ತೇನೆ. ಮದುವೆ ಮುಂಜಿಗೆ ಮಾತ್ರ ಹಾಕುವವರಾದರೆ ಒಂದು ದಿನ ಹಾಕಿ ಎಸೆಯೋ ಲೆನ್ಸ್ ತಗೊಳ್ಳಿ, ಈ ಕಾಟ ಇಲ್ಲ.

ಹಾ, ದೋಸೆ ಹೋಟೆಲ್ ಬಂತು. ಕಾವಲಿಯಿಂದ ಹಬೆ ಹೇಗೆ ಏಳ್ತಿದೆ ನೋಡಿ. ಕನ್ನಡಕ ಇದ್ದಿದ್ದರೆ ಇಷ್ಟೊತ್ತಿಗೆ ಎರಡೂ ಗಾಜು ಮಸುಕು. ಕನ್ನಡಕದ ಕಥೆ ಮುಗಿಯಿತು ಬಿಡಿ! ಬೆಣ್ಣೆ ಇನ್ನೂ ಪೂರ್ತಿ ಕರಗಿಲ್ಲ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಈ ಬಿಳಿ ಚಟ್ನಿ ಬೆಂಗಳೂರಲ್ಲಿ ಯಾಕೆ ಹೀಗೆ ಬರಲ್ವೋ... ಇರಲಿ, ಲೆನ್ಸ್ ವಿಷಯ. ಮಿರ್ಚಿ ಮಂಡಕ್ಕಿ ಇವತ್ತು ಬೇಡ ಅಂದೆ. ಮೆಣಸಿನಕಾಯಿ ಖಾರ ಸೋಪು ಹಾಕಿ ತೊಳೆದರೂ ಬೆರಳಿಂದ ಬೇಗ ಬಿಡಲ್ಲ, ಅದೇ ಬೆರಳಲ್ಲಿ ರಾತ್ರಿ ಲೆನ್ಸ್ ತೆಗೆಯಬೇಕು. ದಾವಣಗೆರೆಗೆ ಬಂದು ಮಿರ್ಚಿ ಬಿಡೋದು ಅಂದ್ರೆ ಏನ್ರೀ! ಇದೊಂದಕ್ಕೆ ಕನ್ನಡಕವೇ ವಾಸಿ.

ಆಯ್ತು, ಬಿಲ್ ಬಂತು. ಮುಂದಿನ ಶಾಟ್ ಕುಂದುವಾಡ ಕೆರೆ. ದಾರಿಯಲ್ಲಿ ಧೂಳು ಜಾಸ್ತಿ, ಅಲ್ಲಿ ಕನ್ನಡಕದಲ್ಲೇ ಕಾಣಿಸುತ್ತೇನೆ, ನಗಬೇಡಿ.