ನಡುಗೋ ಹಲಗೆ ಮೇಲೆ ನಿಂತ್ರೆ ಮೂಳೆ ಗಟ್ಟಿ ಆಗುತ್ತಾ?

ಕೇಳುಗರಿಗೆಲ್ಲಾ ನಮಸ್ಕಾರ. ಈಗ ಮೊಬೈಲ್ ತೆಗೆದ್ರೆ ಸಾಕು ವೈಬ್ರೇಶನ್ ಪ್ಲೇಟ್, ಅಂದ್ರೆ ನಡುಗೋ ಹಲಗೆಯಂಥ ಮಷೀನಿನ ಜಾಹೀರಾತು, ದಿನಕ್ಕೆ ಹತ್ತು ನಿಮಿಷ ಮೇಲೆ ನಿಂತ್ರೆ ವಯಸ್ಸಾದವರ ಮೂಳೆ ಗಟ್ಟಿ ಆಗುತ್ತೆ ಅಂತ. ಮಕ್ಕಳು ಪಾಪ ಪ್ರೀತಿಯಿಂದ ಅಪ್ಪ ಅಮ್ಮನಿಗೆ ತಂದುಕೊಡ್ತಾರೆ. ಆದ್ರೆ ಅದ್ರಿಂದ ಏನಾಗುತ್ತೆ, ಏನಾಗಲ್ಲ ಅನ್ನೋದು ಗೊತ್ತಿರ್ಬೇಕಲ್ವಾ.

ಈ ಆಸೆ ಹುಟ್ಟಿಸಿದ್ದು ಕುರಿಗಳು. ಅಮೆರಿಕದ ವಿಜ್ಞಾನಿ ಕ್ಲಿಂಟನ್ ರೂಬಿನ್ ಮತ್ತವರ ತಂಡ ಕುರಿಗಳ ಹಿಂಗಾಲನ್ನ ಸೆಕೆಂಡಿಗೆ 30 ಸಲ ಬಹಳ ಮೆಲ್ಲಗೆ ಅಲುಗೋ ಹಲಗೆ ಮೇಲೆ ದಿನಕ್ಕೆ 20 ನಿಮಿಷ ಇಡಿಸಿ ಒಂದು ವರ್ಷ ನೋಡಿದ್ರು, ತೊಡೆಮೂಳೆ ಒಳಗಿನ ಸ್ಪಂಜಿನಂಥ ಭಾಗ ಉಳಿದ ಕುರಿಗಳಿಗಿಂತ ಸುಮಾರು 34 ಪರ್ಸೆಂಟ್ ಹೆಚ್ಚು ದಟ್ಟ ಇತ್ತು. 2001ರಲ್ಲಿ ಇದು ದೊಡ್ಡ ಸುದ್ದಿ. ಆದ್ರೆ ಮನುಷ್ಯರಲ್ಲಿ ಹಾಗಾಗ್ಲಿಲ್ಲ. ಟೊರಾಂಟೋದಲ್ಲಿ ಮುಟ್ಟು ನಿಂತ 202 ಹೆಂಗಸರ ಮೇಲೆ ವರ್ಷಪೂರ್ತಿ ಟ್ರಯಲ್ ಮಾಡಿದ್ರು, 2011ರಲ್ಲಿ ರಿಸಲ್ಟ್ ಬಂತು, ಹಲಗೆ ಮೇಲೆ ನಿಂತವರಿಗೂ ನಿಲ್ಲದವರಿಗೂ ಮೂಳೆ ಸಾಂದ್ರತೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ.

ಹಾಗಂತ ದಂಡ ಅನ್ನಕ್ಕಾಗಲ್ಲ. ಹಾಂಗ್‌ಕಾಂಗ್‌ನಲ್ಲಿ 60 ದಾಟಿದ 710 ಹೆಂಗಸರ ಮೇಲೆ 18 ತಿಂಗಳು ನಡೆದ ಟ್ರಯಲ್‌ನಲ್ಲಿ ಮೂಳೆ ಹೆಚ್ಚೇನೂ ಬದಲಾಗ್ಲಿಲ್ಲ, ಆದ್ರೆ ಹಲಗೆ ಮೇಲೆ ನಿಂತವರ ಕಾಲಿಗೆ ಬಲ ಬಂತು, ಬ್ಯಾಲೆನ್ಸ್ ಸುಧಾರಿಸ್ತು, ಬೀಳೋದು ಕಡಿಮೆ ಆಯ್ತು. ನನಗೆ ಇದೇ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಅಜ್ಜಿಯ ಸೊಂಟದ ಮೂಳೆ ಮುರಿಯೋದು ಹೆಚ್ಚಾಗಿ ಬಚ್ಚಲಲ್ಲೋ ಹೊಸಿಲಲ್ಲೋ ಕಾಲು ಜಾರಿದಾಗ. ಕಂಪನ ಬಂದಾಗ ಸ್ನಾಯು ಚೂರು ಎಳೆದಂಗಾಗಿ ತಾನಾಗೇ ಬಿಗಿಯುತ್ತೆ, ಕಾಲಿನ ಬಲಕ್ಕೆ ಅದೇ ಕಾರಣ ಅಂತಾರೆ.

ನಿಲ್ಲೋ ರೀತಿನೂ ಮುಖ್ಯ. ಮಂಡಿ ಸ್ವಲ್ಪ ಬಗ್ಗಿಸಿ, ಕಂಬಿ ಹಿಡ್ಕೊಂಡು ನಿಲ್ಲಬೇಕು, ಸೆಟೆದು ನಿಂತ್ರೆ ಆ ನಡುಕ ಬೆನ್ನಿನಿಂದ ತಲೆವರೆಗೂ ಹೋಗಿ ಹಲ್ಲು ಕಟಕಟ ಅನ್ನುತ್ತೆ. ಜಿಮ್ಮಿನ ಎಷ್ಟೋ ಮಷೀನು ಈ ಟ್ರಯಲ್‌ಗಳಲ್ಲಿ ಬಳಸಿದ್ದಕ್ಕಿಂತ ಬಹಳ ಜೋರು, ವಯಸ್ಸಾದವರನ್ನ ಅದ್ರ ಮೇಲೆ ಹತ್ತಿಸಲೇಬೇಡಿ. ಪೇಸ್‌ಮೇಕರ್ ಇರೋರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು, ಹೊಸದಾಗಿ ಮೂಳೆ ಮುರಿದವರು, ಮಂಡಿ ಆಪರೇಶನ್ ಆಗಿರೋರು, ಕಣ್ಣಿನ ರೆಟಿನಾ ತೊಂದರೆ ಇರೋರು ಡಾಕ್ಟ್ರನ್ನ ಕೇಳ್ದೆ ಹತ್ರನೂ ಹೋಗ್ಬೇಡಿ. ಮೂಳೆ ಸವೆತಕ್ಕೆ ಮಾತ್ರೆ ತಗೊಳ್ತಿದ್ರೆ ಮಷೀನ್ ಬಂತು ಅಂತ ಅದನ್ನ ನಿಲ್ಲಿಸ್ಬೇಡಿ. ದುಡ್ಡು ಹಾಕೋ ಮುಂಚೆ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ರಿಪೋರ್ಟ್ ಹಿಡ್ಕೊಂಡು ಒಬ್ಬ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋ ವ್ಯಾಯಾಮ ಹೇಳ್ಕೊಡ್ತಾರೆ, ಅದನ್ನ ಇವತ್ತಿಂದಲೇ ಶುರು ಮಾಡ್ಬಹುದು.